ಸೂತ್ರ ಬಾಯಿಪಾಠ ಆಗಿದೆ, ಲೆಕ್ಕ ಮಾತ್ರ ತಪ್ಪುತ್ತಿದೆ: ವಿದ್ಯುತ್ಕಾಂತೀಯ ಪ್ರೇರಣೆಗೆ ಹೇಗೆ ತಯಾರಾಗಲಿ?

ಸೂತ್ರಗಳೆಲ್ಲ ನೆನಪಿವೆ, ಆದರೂ ಕಾಂತಕ್ಷೇತ್ರ ಮತ್ತು ಪ್ರೇರಣೆಯ ಲೆಕ್ಕಗಳಲ್ಲಿ ಉತ್ತರ ತಪ್ಪುತ್ತಿದೆ, ಪರೀಕ್ಷೆ ಹತ್ತಿರ ಬಂದಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಹೈಸ್ಕೂಲ್ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಈ ಪಾಠದಲ್ಲಿ ಸೂತ್ರ ಮರೆತು ಅಂಕ ಕಳೆದುಕೊಳ್ಳುವವರು ಕಡಿಮೆ. ದಿಕ್ಕು ಮತ್ತು ಕೋನದಲ್ಲಿ ಎಡವುವವರೇ ಜಾಸ್ತಿ. ಹಾಗಾಗಿ ಸೂತ್ರ ಬರೆಯುವ ಮೊದಲು ಒಂದು ಚಿತ್ರ ಬರೆಯಿರಿ. ಅದರ ಕೆಳಗೆ ನಿಮ್ಮದೇ ಮಾತಿನಲ್ಲಿ ಒಂದು ಸಾಲು ಬರೆಯಿರಿ: ಇಲ್ಲಿ ಬದಲಾಗುತ್ತಿರುವುದು ಏನು, ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ?

ಮೊದಲು ಕೋನದ ವಿಷಯ. 50 ಸುತ್ತಿನ ಚೌಕಾಕಾರದ ಸುರುಳಿ, ಬದಿ 10 ಸೆಂಟಿಮೀಟರ್. ಕಾಂತಕ್ಷೇತ್ರ 0.2 ಟೆಸ್ಲಾ. ಸುರುಳಿಯ ತಲ ಕ್ಷೇತ್ರದ ಜೊತೆ 30 ಡಿಗ್ರಿ ಕೋನ ಮಾಡುತ್ತಿದೆ. ಕ್ಷೇತ್ರ 0.1 ಸೆಕೆಂಡಿನಲ್ಲಿ ಒಂದೇ ಸಮನೆ ಇಳಿದು ಸೊನ್ನೆಯಾದರೆ ಪ್ರೇರಿತ ಇಎಂಎಫ್ (ಸುರುಳಿಯಲ್ಲಿ ಹುಟ್ಟುವ ವೋಲ್ಟೇಜ್) ಎಷ್ಟು? ಹೆಚ್ಚಿನವರು ತಕ್ಷಣ ಕಾಸ್ 30 ಹಾಕಿ ಸುಮಾರು 0.87 ವೋಲ್ಟ್ ಅಂತ ಬರೆಯುತ್ತಾರೆ. ಆದರೆ ಫ್ಲಕ್ಸ್ (ಸುರುಳಿಯ ಮೂಲಕ ಹಾದುಹೋಗುವ ಕಾಂತಕ್ಷೇತ್ರದ ಒಟ್ಟು ಪ್ರಮಾಣ) ಸೂತ್ರದಲ್ಲಿರುವ ಕೋನ ತಲದ್ದಲ್ಲ, ತಲಕ್ಕೆ ಎಳೆದ ಲಂಬದ್ದು. ಅದು ಇಲ್ಲಿ 60 ಡಿಗ್ರಿ. ವಿಸ್ತೀರ್ಣ 0.01 ಚದರ ಮೀಟರ್, ಒಂದು ಸುತ್ತಿನ ಫ್ಲಕ್ಸ್ 0.001 ವೇಬರ್, ಅದನ್ನು 50ರಿಂದ ಗುಣಿಸಿ 0.1 ಸೆಕೆಂಡಿನಿಂದ ಭಾಗಿಸಿದರೆ ಇಎಂಎಫ್ 0.5 ವೋಲ್ಟ್. ಚಿತ್ರದಲ್ಲಿ ಆ ಲಂಬವನ್ನು ಎಳೆದಿದ್ದರೆ ಈ ತಪ್ಪು ಆಗುವುದೇ ಇಲ್ಲ. ಇನ್ನೊಂದು ಮಾತು, ಚದರ ಸೆಂಟಿಮೀಟರನ್ನು ಚದರ ಮೀಟರ್ ಮಾಡಲು 100ರಿಂದ ಅಲ್ಲ, 10,000ದಿಂದ ಭಾಗಿಸಬೇಕು.

ಈಗ ಪ್ರೇರಿತ ಪ್ರವಾಹದ ದಿಕ್ಕು ಹೇಳುವ ಲೆನ್ಜ್ ನಿಯಮ. ಇದಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಿ. "ಪ್ರೇರಿತ ಪ್ರವಾಹ ಕಾಂತಕ್ಷೇತ್ರವನ್ನು ವಿರೋಧಿಸುತ್ತದೆ" ಅಂತ ತುಂಬಾ ಜನ ನೆನಪಿಟ್ಟುಕೊಂಡಿರುತ್ತಾರೆ. ಅದು ಅರ್ಧ ಸತ್ಯ. ಅದು ವಿರೋಧಿಸುವುದು ಫ್ಲಕ್ಸ್‌ನ ಬದಲಾವಣೆಯನ್ನು. ಒಂದು ಆಯಸ್ಕಾಂತದ ಉತ್ತರ ಧ್ರುವ ಸುರುಳಿಯ ಕಡೆಗಿದೆ, ಆಯಸ್ಕಾಂತವನ್ನು ದೂರ ಎಳೆಯುತ್ತಿದ್ದೇವೆ ಅಂದುಕೊಳ್ಳಿ. ನೀವು ಆಯಸ್ಕಾಂತದ ಕಡೆಯಿಂದ ಸುರುಳಿಯನ್ನು ನೋಡುತ್ತಿದ್ದೀರಿ. ಕ್ಷೇತ್ರ ನಿಮ್ಮಿಂದ ದೂರಕ್ಕೆ, ಸುರುಳಿಯೊಳಗೆ ಹೋಗುತ್ತಿದೆ, ಆದರೆ ಕಡಿಮೆಯಾಗುತ್ತಿದೆ. ಹಾಗಾದರೆ ಸುರುಳಿ ಆ ಕೊರತೆಯನ್ನು ತುಂಬಲು ನೋಡುತ್ತದೆ, ಅಂದರೆ ಅದೇ ದಿಕ್ಕಿನಲ್ಲಿ ತನ್ನದೂ ಕ್ಷೇತ್ರ ಸೇರಿಸುತ್ತದೆ. ಬಲಗೈ ಹೆಬ್ಬೆರಳನ್ನು ನಿಮ್ಮಿಂದ ದೂರಕ್ಕೆ ಚಾಚಿ. ಉಳಿದ ಬೆರಳುಗಳು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಮಡಚುತ್ತವೆ. ಪ್ರವಾಹ ಆ ಕಡೆಗೆ. ನಿಮ್ಮ ಕಡೆಯ ಮುಖ ದಕ್ಷಿಣ ಧ್ರುವವಾಗಿ ಆಯಸ್ಕಾಂತವನ್ನು ಹಿಂದಕ್ಕೆ ಎಳೆಯುತ್ತದೆ. ಹತ್ತಿರ ತಂದರೆ ಎಲ್ಲವೂ ತಿರುಗುಮುರುಗು. ಆಯಸ್ಕಾಂತ ಸುಮ್ನೆ ಕೂತಿದ್ದರೆ, ಎಷ್ಟೇ ಬಲವಾದದ್ದಾದರೂ, ಪ್ರವಾಹವಿಲ್ಲ.

1831ರಲ್ಲಿ ವಿಜ್ಞಾನಿ ಫ್ಯಾರಡೆ ಕಂಡದ್ದೂ ಇದನ್ನೇ. ಕಬ್ಬಿಣದ ಉಂಗುರದ ಎರಡು ಕಡೆ ಎರಡು ಸುರುಳಿ ಸುತ್ತಿ, ಒಂದಕ್ಕೆ ಬ್ಯಾಟರಿ ಜೋಡಿಸಿದ. ಜೋಡಿಸಿದ ಕ್ಷಣ ಇನ್ನೊಂದು ಸುರುಳಿಯ ಹತ್ತಿರದ ಕಾಂತಸೂಜಿ ಅಲುಗಿತು, ಬಿಡಿಸಿದಾಗ ಎದುರು ದಿಕ್ಕಿಗೆ ಅಲುಗಿತು. ನಡುವೆ ಪ್ರವಾಹ ಹರಿಯುತ್ತಲೇ ಇದ್ದರೂ ಸೂಜಿ ಅಲುಗಲಿಲ್ಲ. ಸ್ವಿಚ್ ಹಾಕಿದಾಗ ಏನಾಗುತ್ತದೆ, ಹಾಕಿಯೇ ಇಟ್ಟರೆ ಏನಾಗುತ್ತದೆ ಅಂತ ಕೇಳುವ ಪರೀಕ್ಷೆಯ ಪ್ರಶ್ನೆಗಳೆಲ್ಲ ಈ ಪ್ರಯೋಗದ ಮಕ್ಕಳೇ.

ನನಗೆ ತುಂಬಾ ಇಷ್ಟದ ಲೆಕ್ಕ ಎರಡು ಕಂಬಿಗಳ ಮೇಲೆ ಜಾರುವ ಸರಳಿನದು. ಯಾಕೆಂದರೆ ನಿಮ್ಮ ಉತ್ತರ ಸರಿಯೋ ತಪ್ಪೋ ಅಂತ ಅದು ತಾನೇ ಹೇಳುತ್ತದೆ. ಕ್ಷೇತ್ರ 0.5 ಟೆಸ್ಲಾ, ಸರಳಿನ ಉದ್ದ 0.2 ಮೀಟರ್, ವೇಗ ಸೆಕೆಂಡಿಗೆ 4 ಮೀಟರ್, ರೋಧ 2 ಓಮ್, ಘರ್ಷಣೆ ಇಲ್ಲ. ಕ್ಷೇತ್ರ, ಉದ್ದ, ವೇಗ ಮೂರನ್ನೂ ಗುಣಿಸಿದರೆ ಇಎಂಎಫ್ 0.4 ವೋಲ್ಟ್. ಪ್ರವಾಹ 0.2 ಆಂಪಿಯರ್. ಸರಳಿನ ಮೇಲಿನ ಕಾಂತೀಯ ಬಲ 0.5 × 0.2 × 0.2, ಅಂದರೆ 0.02 ನ್ಯೂಟನ್. ಇಲ್ಲಿಗೇ ಪೆನ್ನು ಕೆಳಗಿಡಬೇಡಿ. ಅದೇ ವೇಗದಲ್ಲಿ ಸರಳನ್ನು ಎಳೆಯಲು ಬೇಕಾದ ಶಕ್ತಿ ಸೆಕೆಂಡಿಗೆ 0.02 × 4, ಅಂದರೆ 0.08 ವ್ಯಾಟ್. ರೋಧದಲ್ಲಿ ಶಾಖವಾಗುವುದು 0.2 × 0.2 × 2, ಅದೂ 0.08 ವ್ಯಾಟ್. ಎರಡೂ ತಾಳೆಯಾದವು ಅಲ್ವಾ? ದಿಕ್ಕನ್ನೂ ಹೀಗೇ ಪರೀಕ್ಷಿಸಬಹುದು. ಬಲ ಸರಳು ಹೋಗುವ ಕಡೆಗೇ ಇದೆ ಅಂತ ನಿಮ್ಮ ಉತ್ತರ ಬಂದರೆ, ಸರಳು ಯಾರೂ ಎಳೆಯದೆ ವೇಗ ಹೆಚ್ಚಿಸಿಕೊಳ್ಳುತ್ತಾ ಹೋಗಬೇಕು. ಅದು ಸಾಧ್ಯವಿಲ್ಲ, ಎಲ್ಲೋ ಕೈ ತಪ್ಪಿದೆ.

ಚಲಿಸುವ ಆವೇಶದ ಲೆಕ್ಕಗಳು ಇಷ್ಟು ಕಷ್ಟವಿಲ್ಲ. ಎಲೆಕ್ಟ್ರಾನ್ ಅಂತ ಕಂಡರೆ, ಬಲದ ದಿಕ್ಕು ಹೇಳುವ ಎಡಗೈ ನಿಯಮದಲ್ಲಿ ಬಂದ ದಿಕ್ಕನ್ನು ತಿರುಗಿಸಿ, ಅಷ್ಟೇ. ಕಾಂತೀಯ ಬಲ ವೇಗಕ್ಕೆ ಯಾವಾಗಲೂ ಲಂಬ, ಆದ್ದರಿಂದ ಅದು ಕೆಲಸ ಮಾಡುವುದಿಲ್ಲ. ಎಲೆಕ್ಟ್ರಾನಿನ ದಾರಿ ಬಾಗುತ್ತದೆ, ವೇಗದ ಪ್ರಮಾಣ ಬದಲಾಗುವುದಿಲ್ಲ.

ಅಭ್ಯಾಸಕ್ಕೆ ಹೊಸ ಹೊಸ ಲೆಕ್ಕ ಹುಡುಕುತ್ತಾ ಹೋಗಬೇಡಿ. ಬಿಡಿಸಿದ ಲೆಕ್ಕವನ್ನೇ ತೆಗೆದುಕೊಂಡು ಒಂದೇ ಒಂದು ಅಂಶ ಬದಲಿಸಿ ಮತ್ತೆ ಬಿಡಿಸಿ. ಆಯಸ್ಕಾಂತವನ್ನು ತಿರುಗಿಸಿ ಹಿಡಿದರೆ? ಸರಳಿನ ವೇಗ ಎರಡು ಪಟ್ಟಾದರೆ? ಬಲ ಎರಡು ಪಟ್ಟಾಗುತ್ತದೆ, ಶಾಖ ಮಾತ್ರ ನಾಲ್ಕು ಪಟ್ಟು. ಸುರುಳಿಯ ತಂತಿಯನ್ನು ಒಂದು ಕಡೆ ಕತ್ತರಿಸಿದರೆ? ಇಎಂಎಫ್ ಹಾಗೇ ಇರುತ್ತದೆ. ಪ್ರವಾಹ ಇರುವುದಿಲ್ಲ, ಹಾಗಾಗಿ ಆಯಸ್ಕಾಂತವನ್ನು ತಡೆಯುವ ಬಲವೂ ಇರುವುದಿಲ್ಲ.