ಹಳೇ ಕಲ್ಲುಮನೆಯ ನೆಲಮಾಳಿಗೆಗೆ ಫೋಮ್ ಶೀಟ್ ಹಾಕಿಸಬಹುದಾ?

ಚಿತ್ರದುರ್ಗದ ದೊಡ್ಡಪೇಟೆಯಲ್ಲಿ ಅಜ್ಜನ ಕಾಲದ ಕಲ್ಲುಮನೆ, ನೆಲಮಾಳಿಗೆಯನ್ನು ಮಗಳ ಓದುವ ಕೋಣೆ ಮಾಡಬೇಕು, ಅಮೆರಿಕದ ವಿಡಿಯೊಗಳಲ್ಲಿ ಇರುವಂತೆ ಗೋಡೆಗೆ ಫೋಮ್, ಮೇಲೆ ಪ್ಲೈವುಡ್ ಹೊಡೆಸಲೇ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಹೊಡೆಸಬೇಡಿ. ನಮ್ಮದೂ ಇದೇ ಊರು, ಅಂಥದ್ದೇ ಮನೆ.

ಅಲ್ಲಿನವರು ಫೋಮ್ ಹಾಕುವುದು ಚಳಿಗೆ, ಒಳಗಿನ ಶಾಖ ಹೊರಗೆ ಹೋಗಬಾರದು ಅಂತ. ನಮ್ಮಲ್ಲಿ ಏಪ್ರಿಲ್ ಬಿಸಿಲಲ್ಲೂ ನೆಲದೊಳಗಿನ ಕೋಣೆ ತಣ್ಣಗೇ ಇರುತ್ತದೆ ಅಲ್ವಾ? ನಮ್ಮ ತೊಂದರೆ ತೇವ. ಒದ್ದೆ ಗೋಡೆಗೆ ಫೋಮ್ ಮುಚ್ಚಿದರೆ ತೇವ ಹಿಂದೆಯೇ ನಿಲ್ಲುತ್ತದೆ. ಪ್ಲೈವುಡ್‌ಗೆ ಬೂಷ್ಟು, ಗೆದ್ದಲು ಹಿಡಿದರೂ ಗೊತ್ತಾಗುವುದಿಲ್ಲ.

ಮೊದಲು ತೇವ ಎಲ್ಲಿಂದ ಬರುತ್ತಿದೆ ನೋಡಿ. ಮೊಳದಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. 2 ದಿನ ಬಿಡಿ. ಹಾಳೆಯ ಹಿಂದೆ ಹನಿ ಕಂಡರೆ ನೀರು ಮಣ್ಣಿನಿಂದ ಬರುತ್ತಿದೆ. ಮುಂದೆ ಕಂಡರೆ ಅದು ಕೋಣೆಯ ಗಾಳಿಯದು, ತಣ್ಣೀರು ತುಂಬಿದ ತಂಬಿಗೆ ಹೊರಗೆ ಬೆವರುತ್ತದಲ್ಲ, ಹಾಗೆ. ಆಗ ಮಳೆ ಹಿಡಿದ ದಿನ ಕಿಟಕಿ ಮುಚ್ಚಿ, ಒಣಹವೆ ಇದ್ದಾಗ ತೆರೆದಿಡಿ. ಪುಸ್ತಕದ ಕಪಾಟು ಗೋಡೆಗೆ ತಾಗದಿರಲಿ.

ನಮ್ಮಲ್ಲಿ ಹನಿ ಹಿಂದೆಯೇ ಇತ್ತು. ಹೊರಗೆ ಹೋಗಿ ನೋಡಿದರೆ ತಾರಸಿಯ ಪೈಪು ನೀರನ್ನೆಲ್ಲ ಗೋಡೆ ಬುಡಕ್ಕೇ ಸುರಿಯುತ್ತಿತ್ತು! ಪೈಪನ್ನು ಚರಂಡಿವರೆಗೆ ಎಳೆಸಿ, ಬುಡದ ಮಣ್ಣು ಹೊರಕ್ಕೆ ಇಳಿಜಾರು ಮಾಡಿಸಿದೆವು. ಅರ್ಧ ತೇವ ಅಲ್ಲೇ ನಿಂತಿತು.

ಉಳಿದದ್ದು ಒಳಗಿನ ಸಿಮೆಂಟಿನಿಂದ. ಅಪ್ಪ ಹಿಂದೆ ಮಣ್ಣಿನ ಗಾರೆಯ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರು. ಬೆರಳ ಗೆಣ್ಣಿಂದ ತಟ್ಟಿದರೆ ಡಬ್ ಡಬ್ ಅನ್ನುತ್ತಿತ್ತು. ಕೆತ್ತಿದಾಗ ರೊಟ್ಟಿಯಂತೆ ಎದ್ದು ಬಂತು, ಹಿಂದೆ ಬಿಳಿ ಉಪ್ಪಿನ ಪುಡಿ, ಹಸಿ ಮಣ್ಣು. ಸಿಮೆಂಟು ಆ ತೇವ ಆರಲು ಬಿಟ್ಟಿರಲಿಲ್ಲ. ಪೂರ್ತಿ ಕೆತ್ತಿಸಿ, ಒಂದು ಬೇಸಿಗೆ ಗೋಡೆಯನ್ನು ಬರಿದಾಗಿ ಬಿಟ್ಟೆವು. ಆಮೇಲೆ 1 ಪಾಲು ಸುಣ್ಣ, 3 ಪಾಲು ಮರಳಿನ ಗಾರೆ, ತೆಳುವಾಗಿ ಎರಡು ಸಲ. ಮೇಲೆ ಸುಣ್ಣವನ್ನೇ ಬಳಿಸಿದೆವು, ಪ್ಲಾಸ್ಟಿಕ್ ಪೇಂಟ್ ಹಚ್ಚಲಿಲ್ಲ. ಸುಣ್ಣದ ಕೆಲಸ ನಿಧಾನ, ಗೌಂಡಿಗಳು ಅವಸರ ಮಾಡುತ್ತಾರೆ. ಮಣಿಯಬೇಡಿ.

ಇಷ್ಟಾದ ಮೇಲೂ ಫೋಮ್ ಬೇಕೇ ಅನಿಸಿದರೆ ಅಷ್ಟಾಗಿ ನೀರು ಹೀರದ ಗಟ್ಟಿ ಫೋಮ್ ಹಲಗೆ ಕೇಳಿ, ಅದಕ್ಕೆ ಎಕ್ಸ್‌ಪಿಎಸ್ ಅನ್ನುತ್ತಾರೆ. ಗಾಜಿನ ಎಳೆಗಳ ಹತ್ತಿಯಂಥ ಗ್ಲಾಸ್‌ವೂಲ್ ಮಾತ್ರ ಬೇಡವೇ ಬೇಡ, ನೀರು ಕುಡಿದು ಜೋತು ಬೀಳುತ್ತದೆ.

ನಮ್ಮ ಕಡೆ ಮಳೆ ಜಾಸ್ತಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೋರು ಮಳೆ ಬಂದ ರಾತ್ರಿ ಟಾರ್ಚ್ ಹಿಡಿದು ಕೆಳಗಿಳಿಯಿರಿ. ಗೋಡೆ ಎಲ್ಲೆಲ್ಲಿ ನೆನೆದಿದೆಯೋ ಅಲ್ಲಿ ಇದ್ದಿಲಲ್ಲಿ ಗೆರೆ ಎಳೆದಿಡಿ. ಗೌಂಡಿ ಬಂದಾಗ ಆ ಗೆರೆ ತೋರಿಸಿ.