ರಿಪೋರ್ಟ್‌ನಲ್ಲಿ 'ಸಿಸ್ಟ್' ಅಂತಿದೆ, ಹೆದರಬೇಕಾ?

ಪ್ರಶ್ನೆ: ನನಗೆ 54 ವರ್ಷ. ಹೊಟ್ಟೆ ಉಬ್ಬರ ಅಂತ ಸ್ಕ್ಯಾನಿಂಗ್ ಮಾಡಿಸಿದೆ. ಬಲ ಕಿಡ್ನಿಯಲ್ಲಿ 3.2 ಸೆಂಟಿಮೀಟರ್‌ನ 'ಸಿಂಪಲ್ ಕಾರ್ಟಿಕಲ್ ಸಿಸ್ಟ್' ಇದೆ ಎಂದು ಬರೆದಿದ್ದಾರೆ. ಡಾಕ್ಟರ್ ಏನೂ ಮಾಡಬೇಕಾಗಿಲ್ಲ ಅಂದರು, ಮಾತ್ರೆಯನ್ನೂ ಕೊಡಲಿಲ್ಲ. ಮನೆಯವರು ಗಡ್ಡೆ ಇಟ್ಟುಕೊಳ್ಳಬಾರದು, ತೆಗೆಸಿಬಿಡು ಅನ್ನುತ್ತಿದ್ದಾರೆ. ಎರಡು ವಾರದಿಂದ ನಿದ್ದೆ ಇಲ್ಲ. ಇದು ಕ್ಯಾನ್ಸರ್ ಆಗುತ್ತಾ? ಕಿಡ್ನಿ ಫೇಲ್ ಆಗುತ್ತಾ?

ಉತ್ತರ: ಎರಡಕ್ಕೂ ಇಲ್ಲ ಅನ್ನುವುದೇ ಉತ್ತರ. ನಿಮ್ಮ ಡಾಕ್ಟರ್ ಹೇಳಿದ್ದು ಸರಿಯಾಗಿಯೇ ಇದೆ. ಆದರೆ ಯಾಕೆ ಏನೂ ಬೇಡ ಅಂತ ಎರಡು ನಿಮಿಷ ಕೂರಿಸಿ ಹೇಳಿದ್ದರೆ ನಿಮ್ಮ ನಿದ್ದೆ ಕೆಡುತ್ತಿರಲಿಲ್ಲ, ಅಲ್ವಾ?

ನಿಮ್ಮ ಕಿಡ್ನಿಯಲ್ಲಿರುವುದು ಗಡ್ಡೆಯಲ್ಲ, ತೆಳುವಾದ ಪೊರೆಯೊಳಗೆ ತಿಳಿನೀರು ತುಂಬಿದ ಗುಳ್ಳೆ. 'ಕಾರ್ಟಿಕಲ್' ಅಂದರೆ ಕಿಡ್ನಿಯ ಹೊರಪದರದಲ್ಲಿದೆ ಅಂತ. ವಯಸ್ಸಾದಂತೆ ಕೂದಲು ನರೆಯುವ ಹಾಗೆ, 50 ದಾಟಿದವರಲ್ಲಿ ಇದು ತುಂಬಾ ಸಾಮಾನ್ಯ. ಹೊಟ್ಟೆಯುಬ್ಬರಕ್ಕೂ ಇದಕ್ಕೂ ಸಂಬಂಧ ಇಲ್ಲ. ಬೇರೆ ಏನನ್ನೋ ಹುಡುಕುವಾಗ ಕಣ್ಣಿಗೆ ಬಿತ್ತು, ಅಷ್ಟೇ. ಸ್ಕ್ಯಾನ್ ಮಾಡಿಸದಿದ್ದರೆ ಅದು ಅಲ್ಲಿದೆ ಅಂತ ನಿಮಗೆ ಗೊತ್ತೂ ಆಗುತ್ತಿರಲಿಲ್ಲ.

ಎಲ್ಲರ ಕಣ್ಣೂ ಮೊದಲು ಹೋಗುವುದು ಸೆಂಟಿಮೀಟರ್ ಮೇಲೆ. ನಾನು ಮೊದಲು ನೋಡುವುದು ಅದರ ಹಿಂದಿರುವ 'ಸಿಂಪಲ್' ಅನ್ನುವ ಪದ. ಅದನ್ನು ಸುಮ್ನೆ ಬರೆಯುವುದಿಲ್ಲ. ಈ ಸ್ಕ್ಯಾನ್ (ಅಲ್ಟ್ರಾಸೌಂಡ್) ಶಬ್ದದ ಅಲೆ ಕಳಿಸಿ, ವಾಪಸ್ ಬಂದದ್ದರಿಂದ ಚಿತ್ರ ಮಾಡುತ್ತದೆ. ನೀರಿನಿಂದ ಆ ಅಲೆ ವಾಪಸ್ ಬರುವುದಿಲ್ಲ, ಹಾಗಾಗಿ ಗುಳ್ಳೆಯ ಒಳಗೆಲ್ಲ ಕಪ್ಪಗೆ ಕಾಣಬೇಕು, ಅಂಚು ತೆಳ್ಳಗೆ ನುಣುಪಾಗಿರಬೇಕು, ಅಲೆ ಸಲೀಸಾಗಿ ಆಚೆ ದಾಟಿಹೋಗುವುದರಿಂದ ಗುಳ್ಳೆಯ ಹಿಂದಿನ ಜಾಗ ಹೆಚ್ಚು ಬೆಳ್ಳಗೆ ಕಾಣಬೇಕು. ಮೂರೂ ಇದ್ದರೆ ಮಾತ್ರ ಸಿಂಪಲ್. ಹಾಗಿದ್ದಾಗ ಪದೇ ಪದೇ ಸ್ಕ್ಯಾನ್ ಕೂಡ ಬೇಕಿಲ್ಲ.

ಅದೇ ರಿಪೋರ್ಟ್‌ನಲ್ಲಿ 'ಕಾಂಪ್ಲೆಕ್ಸ್', ದಪ್ಪ ಗೋಡೆ, ಒಳಗೆ ಗಟ್ಟಿ ಭಾಗ ಅಂತೆಲ್ಲ ಇದ್ದರೆ ನನ್ನ ಮಾತೇ ಬೇರೆ ಇರುತ್ತಿತ್ತು. ಆಗ ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ಎದ್ದು ಕಾಣಲೆಂದು ರಕ್ತನಾಳಕ್ಕೆ ಕೊಡುವ ದ್ರವ) ಹಾಕಿ ಸಿಟಿ ಅಥವಾ ಎಂಆರ್‌ಐ ಮಾಡಿಸಲೇಬೇಕು. ರಕ್ತ ಹರಿಯುವ ಜೀವಂತ ಅಂಗಾಂಶ ಕಾಂಟ್ರಾಸ್ಟ್ ಹೀರಿ ಹೊಳೆಯುತ್ತದೆ, ಬರೀ ನೀರು ಹೊಳೆಯುವುದಿಲ್ಲ. ಅದನ್ನು ನೋಡಿ ದರ್ಜೆ ಕೊಡುವ ಪದ್ಧತಿಯನ್ನು ಬಾಸ್ನಿಯಾಕ್ ಎಂಬ ರೇಡಿಯಾಲಜಿಸ್ಟ್ 1986ರಲ್ಲಿ ಶುರು ಮಾಡಿದರು, 2019ರಲ್ಲಿ ಅದನ್ನು ಪರಿಷ್ಕರಿಸಲಾಯಿತು. 1 ಮತ್ತು 2ನೇ ದರ್ಜೆಗೆ ಚಿಂತೆ ಬೇಡ. '2ಎಫ್' ಅಂತಿದ್ದರೆ ಆಗಾಗ ಸ್ಕ್ಯಾನ್ ಮಾಡಿ ಗಮನಿಸುತ್ತಾರೆ. 3ರಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್ ಆಗಿರಬಹುದು, 4ರಲ್ಲಿ ಬಹುಪಾಲು ಅದೇ. ಇವೆರಡಕ್ಕೆ ಯೂರಾಲಜಿಸ್ಟ್ (ಕಿಡ್ನಿ, ಮೂತ್ರದ ದಾರಿಯ ಸರ್ಜನ್) ಹತ್ತಿರ ತಡಮಾಡದೆ ಹೋಗಬೇಕು.

ತೆಗೆಸಿಬಿಡು ಅನ್ನುವವರಿಗೆ ಒಂದು ಮಾತು. ಸೂಜಿ ಹಾಕಿ ನೀರು ಎಳೆದರೆ ಗುಳ್ಳೆ ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ, ಯಾಕೆಂದರೆ ನೀರು ಒಸರುವುದೇ ಅದರ ಒಳಪೊರೆಯಿಂದ. ಅದಕ್ಕೇ ಆಲ್ಕೋಹಾಲ್ ಹಾಕಿ ಆ ಪೊರೆಯನ್ನು ಸುಡುತ್ತಾರೆ, ಇಲ್ಲವೇ ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ರಂಧ್ರದ ಮೂಲಕ ಮಾಡುವ ಆಪರೇಷನ್) ಗುಳ್ಳೆಯ ಮೇಲ್ಭಾಗ ಕತ್ತರಿಸುತ್ತಾರೆ. ಇದೆಲ್ಲ ಗುಳ್ಳೆ ದೊಡ್ಡದಾಗಿ ನೋವು ಕೊಡುವವರಿಗೆ, ಮೂತ್ರದ ದಾರಿ ಒತ್ತುವವರಿಗೆ. ನಿಮಗಲ್ಲ. ಗುಳ್ಳೆ ಕರಗಿಸುವ ಮಾತ್ರೆ, ಕಷಾಯ ಯಾವುದೂ ಇಲ್ಲ, ಯಾರಾದರೂ ಮಾರಿದರೆ ದಯವಿಟ್ಟು ಕೊಳ್ಳಬೇಡಿ. ಮುಂದೆ ಯಾವಾಗಲಾದರೂ ಮೂತ್ರದಲ್ಲಿ ರಕ್ತ ಕಂಡರೆ, ಅಥವಾ ಪಕ್ಕೆ ನೋವಿನ ಜೊತೆ ಚಳಿಜ್ವರ ಬಂದರೆ ಮಾತ್ರ ಅದೇ ದಿನ ತೋರಿಸಿ.

ಪ್ರಶ್ನೆ: ನನ್ನ ತಂದೆಗೆ ಪಾಲಿಸಿಸ್ಟಿಕ್ ಕಿಡ್ನಿ, ಡಯಾಲಿಸಿಸ್ ನಡೆಯುತ್ತಿದೆ. ನನಗೆ 33. ನನ್ನ ಸ್ಕ್ಯಾನ್‌ನಲ್ಲಿ ಎರಡೂ ಕಿಡ್ನಿ ಸೇರಿ ಐದು ಸಿಸ್ಟ್ ಇವೆಯಂತೆ. ತೊಂದರೆ ಏನೂ ಇಲ್ಲ, ಹಾಗೇ ಬಿಡಬಹುದಾ?

ಉತ್ತರ: ಬಿಡಬೇಡಿ. ಮೇಲಿನ ಉತ್ತರ ನಿಮಗೆ ಅನ್ವಯಿಸುವುದಿಲ್ಲ. ಪಾಲಿಸಿಸ್ಟಿಕ್ ಕಿಡ್ನಿ ಅಂದರೆ ಎರಡೂ ಕಿಡ್ನಿಯಲ್ಲಿ ಗುಳ್ಳೆಗಳು ತುಂಬುತ್ತಾ ಹೋಗುವ, ವಂಶದಲ್ಲಿ ಬರುವ ಕಾಯಿಲೆ, ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ 50 ಪರ್ಸೆಂಟ್ ಸಾಧ್ಯತೆ. ಮನೆಯಲ್ಲಿ ಈ ಕಾಯಿಲೆ ಇದ್ದು, 15ರಿಂದ 39 ವಯಸ್ಸಿನೊಳಗೆ ಎರಡೂ ಕಿಡ್ನಿ ಸೇರಿ ಮೂರು ಅಥವಾ ಜಾಸ್ತಿ ಸಿಸ್ಟ್ ಕಂಡರೆ ಅದೇ ಕಾಯಿಲೆ ಎಂದು ಡಾಕ್ಟರ್‌ಗಳು ಲೆಕ್ಕ ಹಾಕುತ್ತಾರೆ. ನಿಮ್ಮಲ್ಲಿ ಐದು ಇವೆ.

ಓದಿ ಎದೆ ಒಡೆದುಕೊಳ್ಳಬೇಡಿ, ನೀವು ಬೇಗ ತಿಳಿದುಕೊಂಡಿದ್ದೀರಿ. ಈ ವಾರವೇ ನೆಫ್ರಾಲಜಿಸ್ಟ್ (ಕಿಡ್ನಿ ಕಾಯಿಲೆಯ ಡಾಕ್ಟರ್) ನೋಡಿ. ಬಿಪಿ ಮತ್ತು ಕ್ರಿಯಾಟಿನೈನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತಪರೀಕ್ಷೆ) ಪರೀಕ್ಷೆ ಮಾಡಿಸಿ. ಈ ಕಾಯಿಲೆಯಲ್ಲಿ ಬಿಪಿ ಸದ್ದಿಲ್ಲದೆ ಏರುತ್ತದೆ, ಅದನ್ನು ಹಿಡಿತದಲ್ಲಿಟ್ಟರೆ ಕಿಡ್ನಿಗೆ ನಿಜವಾಗಿ ಸಹಾಯವಾಗುತ್ತದೆ. ಉಪ್ಪು ಕಡಿಮೆ ಮಾಡಿ, ನೋವಿನ ಮಾತ್ರೆ ಡಾಕ್ಟರ್‌ನ್ನು ಕೇಳದೆ ನುಂಗಬೇಡಿ. ಕಾಯಿಲೆ ವೇಗವಾಗಿ ಬೆಳೆಯುವವರಿಗೆ ಅದನ್ನು ನಿಧಾನ ಮಾಡುವ ಟಾಲ್ವಾಪ್ಟಾನ್ ಎಂಬ ಮಾತ್ರೆಯೂ ಇದೆ, ನಿಮಗೆ ಬೇಕೋ ಬೇಡವೋ ಅವರು ಹೇಳುತ್ತಾರೆ. ಮನೆಯಲ್ಲಿ ಯಾರಿಗಾದರೂ ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದರೆ ಆ ವಿಷಯ ತಪ್ಪದೆ ತಿಳಿಸಿ. ಅಣ್ಣ ತಮ್ಮ, ಅಕ್ಕ ತಂಗಿ ಇದ್ದರೆ ಅವರ ಬಿಪಿಯನ್ನೂ ಪರೀಕ್ಷಿಸಿ, ಸ್ಕ್ಯಾನ್ ಬಗ್ಗೆಯೂ ಅದೇ ಡಾಕ್ಟರ್ ಹತ್ತಿರ ಮಾತಾಡಿ.