ರೈಫಲ್ಲಿನ ಸದ್ದನ್ನು ಎಷ್ಟರ ಮಟ್ಟಿಗೆ ತಗ್ಗಿಸಬಹುದು, ಕಾನೂನು ಏನು ಹೇಳುತ್ತದೆ?

ನೀವು ಕೇಳಿರುವುದು ಮೂರು ಪ್ರಶ್ನೆಗಳು: ಸೈಲೆನ್ಸರ್ ಹಾಕಿದ ರೈಫಲ್ಲಿನ ಸದ್ದು ಸಿನಿಮಾದಲ್ಲಿ ತೋರಿಸುವ ಹಾಗೆ ನಿಜವಾಗಿಯೂ ಅಡಗಿಹೋಗುತ್ತದೆಯೇ, ಅದನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವೇ, ಸ್ವಂತ ಬಂದೂಕಿಗೆ ಸ್ವತಃ ಒಂದನ್ನು ಮಾಡಿಕೊಂಡರೆ ಏನಾಗುತ್ತದೆ. ಚುಟುಕಾಗಿ ಹೇಳುವುದಾದರೆ, ಸದ್ದು ತಗ್ಗುತ್ತದೆಯೇ ಹೊರತು ಅಡಗುವುದಿಲ್ಲ. ಕಾನೂನಿನಲ್ಲಿ ಒಂದು ದೇಶಕ್ಕೂ ಇನ್ನೊಂದಕ್ಕೂ ಅಜಗಜಾಂತರವಿದೆ. ಅನುಮತಿಯಿಲ್ಲದೆ ಸ್ವತಃ ಮಾಡಿಕೊಳ್ಳುವುದು ಅನೇಕ ಕಡೆ ಜೈಲಿಗೆ ದಾರಿ. ನಾನು ಬಹಳ ವರ್ಷ ಗುರಿ ಶೂಟಿಂಗ್ ಮಾಡಿದವನು, ಆರಂಭದ ದಿನಗಳ ಉಡಾಫೆಯಿಂದ ಎಡಗಿವಿಯಲ್ಲಿ ಎಂದೂ ನಿಲ್ಲದ ಒಂದು ಸಣ್ಣ ಸಿಳ್ಳನ್ನು ಸಂಪಾದಿಸಿಕೊಂಡವನು. ಹಾಗಾಗಿ ಈ ವಿಷಯವನ್ನು ಕಿವಿಯ ಕಡೆಯಿಂದ ನೋಡುವುದು ನನಗೆ ರೂಢಿಯಾಗಿದೆ.

ಮೊದಲು ಗಮನಿಸಬೇಕಾದದ್ದು, ನಾವು ಒಂದೇ ಎಂದುಕೊಳ್ಳುವ ಆ ಢಮಾರ್ ಶಬ್ದದೊಳಗೆ ಬೇರೆ ಬೇರೆ ಮೂಲಗಳ ಸದ್ದುಗಳು ಸೇರಿಕೊಂಡಿವೆ ಎಂಬುದು. ಬಂದೂಕಿನ ಕುದುರೆ (ಟ್ರಿಗರ್) ಎಳೆದಾಗ ತೋಟಾದೊಳಗಿನ ಮದ್ದು ಉರಿದು, ಸಾಮಾನ್ಯ ಬೇಟೆಯ ರೈಫಲ್ಲಿನಲ್ಲಿ ವಾತಾವರಣದ ಒತ್ತಡಕ್ಕಿಂತ ಸುಮಾರು 4,000 ಪಟ್ಟು ಒತ್ತಡದ ಅನಿಲವನ್ನು ಹುಟ್ಟಿಸುತ್ತದೆ. ಗುಂಡು ನಳಿಗೆಯ ಬಾಯಿಯನ್ನು ದಾಟುವ ಹೊತ್ತಿಗೆ ಈ ಒತ್ತಡ ಬಹಳ ಇಳಿದಿದ್ದರೂ ಇನ್ನೂ ನೂರಾರು ಪಟ್ಟಿನಲ್ಲೇ ಇರುತ್ತದೆ. ಬಾಟಲಿಯ ಬಿರಡೆ ಕಿತ್ತಂತೆ ಗುಂಡು ಹೊರಬಿದ್ದ ಕ್ಷಣವೇ ಆ ಬಿಸಿ ಅನಿಲ ಹೊರಗಿನ ಗಾಳಿಯ ಮೇಲೆ ಎರಗಿ ಆಘಾತ ತರಂಗವನ್ನು ಎಬ್ಬಿಸುತ್ತದೆ. ಇದು ನಳಿಗೆಯ ಬಾಯಿಯ ಸ್ಫೋಟ, ಸದ್ದಿನ ದೊಡ್ಡ ಪಾಲು ಇದರದ್ದೇ. ಎರಡನೆಯದು ಗುಂಡು ತಾನೇ ಗಾಳಿಯನ್ನು ಸೀಳುವ ಸದ್ದು. ಬೋಲ್ಟು, ಸ್ಪ್ರಿಂಗುಗಳ ಲೋಹದ ಸದ್ದು ಮತ್ತು ಗುಂಡು ಗುರಿಗೆ ತಾಗುವ ಸದ್ದು ಇವೆರಡರ ಮುಂದೆ ಲೆಕ್ಕಕ್ಕಿಲ್ಲದಷ್ಟು ಚಿಕ್ಕವು.

ಎರಡನೆಯ ಸದ್ದಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಸೈಲೆನ್ಸರಿನ ಬಗೆಗಿನ ತಪ್ಪು ಕಲ್ಪನೆಗಳಲ್ಲಿ ಅರ್ಧದಷ್ಟು ಹುಟ್ಟುವುದು ಇದನ್ನು ಮರೆಯುವುದರಿಂದ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಬೇಟೆಯ ರೈಫಲ್ಲಿನ ಗುಂಡು ಹೊರಡುವುದು ಸೆಕೆಂಡಿಗೆ 800 ಮೀಟರಿನ ಆಸುಪಾಸಿನಲ್ಲಿ. ಹೀಗೆ ಶಬ್ದವನ್ನು ಹಿಂದಿಕ್ಕಿ ಓಡುವ ಗುಂಡು, ವೇಗದ ದೋಣಿ ನೀರಿನಲ್ಲಿ ಎಬ್ಬಿಸುವ ಅಲೆಯಂತೆ, ತನ್ನ ಹಿಂದೆ ಶಂಕುವಿನ ಆಕಾರದ ಆಘಾತ ತರಂಗವನ್ನು ಎಳೆದುಕೊಂಡು ಹೋಗುತ್ತದೆ. ಅದು ಯಾರ ಕಿವಿಯನ್ನು ದಾಟುತ್ತದೆಯೋ ಅವರಿಗೆ ಚಾಟಿ ಬೀಸಿದಂತೆ ಚಟೀರ್ ಎಂದು ಕೇಳಿಸುತ್ತದೆ. ಈ ಸದ್ದು ಹುಟ್ಟುವುದು ನಳಿಗೆಯಲ್ಲಲ್ಲ, ಗುಂಡಿನ ದಾರಿಯುದ್ದಕ್ಕೂ; ಆದ್ದರಿಂದ ನಳಿಗೆಯ ತುದಿಗೆ ಏನನ್ನು ಜೋಡಿಸಿದರೂ ಇದು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಶೂಟಿಂಗ್ ರೇಂಜಿನಲ್ಲಿ ಗುರಿಹಲಗೆಗಳ ಬಳಿಯ ಕಂದಕದಲ್ಲಿ ಕುಳಿತು ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ: 300 ಮೀಟರ್ ದೂರದಿಂದ ಹೊಡೆದ ಗುಂಡು, ಸರಾಸರಿ ವೇಗ ಸೆಕೆಂಡಿಗೆ 700 ಮೀಟರ್ ಎಂದಿಟ್ಟುಕೊಂಡರೆ, 0.43 ಸೆಕೆಂಡಿನಲ್ಲಿ ತಲೆಯ ಮೇಲೆ ಚಟೀರ್ ಎನ್ನಿಸಿ ಹೋಗುತ್ತದೆ. ಬಂದೂಕಿನ ಢಮ್ ಬಂದು ಮುಟ್ಟುವುದು 0.87 ಸೆಕೆಂಡಿಗೆ. ಈ ಅಂತರದಿಂದ ಹೊಡೆದವನ ದೂರವನ್ನು ಅಂದಾಜು ಮಾಡುವುದು ಸೈನಿಕರ ಹಳೆಯ ವಿದ್ಯೆ. ಮೊದಲ ಸಲ ಕಂದಕದಲ್ಲಿ ಕುಳಿತಾಗ ನಾನು ಎರಡೆರಡು ಈಡು ಹಾರುತ್ತಿವೆ ಎಂದೇ ಎಣಿಸಿದ್ದೆ.

ಇದನ್ನೂ ಅಡಗಿಸಬೇಕೆಂದರೆ ಗುಂಡಿನ ವೇಗವನ್ನೇ ಶಬ್ದದ ವೇಗಕ್ಕಿಂತ ಕೆಳಗಿಳಿಸಬೇಕು. ಅಂಥ ತೋಟಾಗಳು ತಯಾರಾಗಿಯೇ ಬರುತ್ತವೆ. ಆದರೆ ಅದಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. 10 ಗ್ರಾಂ ತೂಕದ ಗುಂಡು ಸೆಕೆಂಡಿಗೆ 820 ಮೀಟರ್ ವೇಗದಲ್ಲಿ ಹೊತ್ತೊಯ್ಯುವ ಶಕ್ತಿ ಸುಮಾರು 3,360 ಜೂಲ್. ತೂಕವನ್ನು 13 ಗ್ರಾಂಗೆ ಏರಿಸಿ ವೇಗವನ್ನು 310 ಮೀಟರಿಗೆ ಇಳಿಸಿದರೆ ಉಳಿಯುವುದು 625 ಜೂಲ್ ಮಾತ್ರ. 100 ಮೀಟರ್ ದೂರದಲ್ಲಿ ವೇಗದ ಗುಂಡು ನಳಿಗೆಯ ನೇರದಿಂದ 8 ಸೆಂಟಿಮೀಟರಿನಷ್ಟು ಕೆಳಗಿಳಿದರೆ ನಿಧಾನದ್ದು ಅರ್ಧ ಮೀಟರಿನಷ್ಟು ಇಳಿಯುತ್ತದೆ. ಪ್ರಾಣಿಯನ್ನು ನರಳಿಸದೆ ಬೇಟೆಯಾಡಬೇಕೆನ್ನುವವನಿಗಾಗಲಿ, ದೂರದ ಗುರಿಯನ್ನು ಹೊಡೆಯಬೇಕೆನ್ನುವವನಿಗಾಗಲಿ ಇದು ಒಗ್ಗುವ ಮಾತಲ್ಲ. ಸಿನಿಮಾದ ಆ ಪುಸ್ ಎನ್ನುವ ಸದ್ದು ರೈಫಲ್ಲಿಗೆ ಸಂಬಂಧಪಟ್ಟದ್ದಲ್ಲ, ಧ್ವನಿ ಸಂಕಲನದ ಕೋಣೆಗೆ ಸಂಬಂಧಪಟ್ಟದ್ದು.

ಹಾಗಾದರೆ ಸೈಲೆನ್ಸರ್ ಮಾಡುವುದೇನು? ಮೊದಲ ಸದ್ದನ್ನು, ಅಂದರೆ ನಳಿಗೆಯ ಬಾಯಿಯ ಸ್ಫೋಟವನ್ನು, ಸೌಮ್ಯಗೊಳಿಸುವುದು ಅದರ ಏಕೈಕ ಕೆಲಸ. ಅನಿಲಕ್ಕೆ ಒಮ್ಮೆಲೇ ಬಯಲಿಗೆ ನುಗ್ಗಲು ಬಿಡದೆ, ಒಳಗೇ ಹಿಗ್ಗಲು ಜಾಗ ಕೊಟ್ಟು, ಸುಳಿಸುಳಿಯಾಗಿ ತಡೆದು, ತನ್ನ ಬಿಸಿಯನ್ನು ಲೋಹಕ್ಕೆ ಬಿಟ್ಟುಕೊಡುವಂತೆ ಮಾಡಿ, ನಿಧಾನವಾಗಿ ಹೊರಗೆ ಬಿಡುತ್ತದೆ. ತತ್ತ್ವದಲ್ಲಿ ಇದು ಕಾರಿನ ಹೊಗೆಕೊಳವೆಯ ಸೈಲೆನ್ಸರಿಗೆ ಹತ್ತಿರದ ಸಂಬಂಧಿ. 1909ರಲ್ಲಿ ಅಮೆರಿಕದಲ್ಲಿ ಬಂದೂಕಿನ ಸೈಲೆನ್ಸರಿಗೆ ಪೇಟೆಂಟ್ ಪಡೆದ ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಜಿನ್ನುಗಳ ಸದ್ದಿನ ಮೇಲೂ ಕೆಲಸ ಮಾಡಿದವರು. ಮೆಷಿನ್ ಗನ್ ಕಂಡುಹಿಡಿದ ಮ್ಯಾಕ್ಸಿಮ್ ಇವರ ತಂದೆ. ಜಗತ್ತಿಗೆ ಅಷ್ಟು ಸದ್ದು ಕೊಟ್ಟ ಮನೆಯಿಂದಲೇ ಅದನ್ನು ತಗ್ಗಿಸುವ ಸಾಧನವೂ ಬಂದದ್ದು ನನಗೆ ಯಾವಾಗಲೂ ತಮಾಷೆಯಾಗಿ ಕಾಣುತ್ತದೆ. ಸೈಲೆನ್ಸರ್ ಎಂಬ ಹೆಸರು ಅವರು ಮಾರಾಟಕ್ಕೆ ಇಟ್ಟುಕೊಂಡದ್ದು. ಈಗಿನವರು ಸಪ್ರೆಸರ್ ಎನ್ನುತ್ತಾರೆ, ಅದೇ ಹೆಚ್ಚು ಪ್ರಾಮಾಣಿಕವಾದ ಹೆಸರು.

ಅಂಕಿಗಳಲ್ಲಿ ನೋಡಿದರೆ, ದೊಡ್ಡ ರೈಫಲ್ಲಿನ ಈಡು ಹೊಡೆಯುವವನ ಕಿವಿಯ ಬಳಿ ಸುಮಾರು 155ರಿಂದ 170 ಡೆಸಿಬೆಲ್‌ವರೆಗೆ ಮುಟ್ಟುತ್ತದೆ. ಒಳ್ಳೆಯ ಸಪ್ರೆಸರ್ ಅದರಲ್ಲಿ 20ರಿಂದ 35 ಡೆಸಿಬೆಲ್ ಕಳೆಯುತ್ತದೆ. ಡೆಸಿಬೆಲ್ಲಿನ ಲೆಕ್ಕ ಸಾಮಾನ್ಯ ಕೂಡುವ ಕಳೆಯುವ ಲೆಕ್ಕವಲ್ಲ: 30 ಡೆಸಿಬೆಲ್ ಇಳಿದರೆ ಗಾಳಿಯ ಒತ್ತಡದ ಏರಿಳಿತ ಸುಮಾರು 32ನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಆದರೆ ನಮ್ಮ ಕಿವಿಗೆ ಅದು ಎಂಟನೆಯ ಒಂದು ಭಾಗವಾದಂತೆ ಮಾತ್ರ ತೋರುತ್ತದೆ. 165 ಡೆಸಿಬೆಲ್ ಎಂದರೆ 3,500 ಪ್ಯಾಸ್ಕಲ್‌ಗಿಂತ ಹೆಚ್ಚಿನ ಒತ್ತಡ. 30 ಕಳೆದು 135ಕ್ಕೆ ತಂದರೆ 112 ಪ್ಯಾಸ್ಕಲ್. ಐರೋಪ್ಯ ಒಕ್ಕೂಟವು ಕೆಲಸದ ಸ್ಥಳಗಳಲ್ಲಿ ಕ್ಷಣಿಕ ಸದ್ದಿಗೆ ಹಾಕಿರುವ ಮಿತಿ 140 ಡೆಸಿಬೆಲ್, ಅಂದರೆ 200 ಪ್ಯಾಸ್ಕಲ್. ಸಪ್ರೆಸರಿನ ನಿಜವಾದ ಮಹತ್ವ ಇರುವುದು ಇಲ್ಲಿ: ಒಂದೇ ಏಟಿಗೆ ಕಿವಿಯನ್ನು ಹಾಳುಮಾಡಬಲ್ಲ ಸದ್ದನ್ನು ಅದು ಆ ಮಿತಿಯ ಕೆಳಗೆ ತರಬಲ್ಲದು. ಹಾಗೆ ತಂದ ಮೇಲೂ ಅದು ಮಾತಾಡುತ್ತಿರುವವರನ್ನು ಬೆಚ್ಚಿಬೀಳಿಸುವಷ್ಟು ಜೋರಾಗಿಯೇ ಇರುತ್ತದೆ, ದಿನವಿಡೀ ಹೊಡೆಯುವವನಿಗೆ ಕಿವಿಬಿರಡೆಯೂ ಬೇಕಾಗುತ್ತದೆ. ಮೊದಲ ಈಡು ಮುಂದಿನವುಗಳಿಗಿಂತ ತುಸು ಜೋರಾಗಿ ಕೇಳುವುದೂ ಉಂಟು; ಒಳಗೆ ನಿಂತಿದ್ದ ಗಾಳಿಯ ಆಮ್ಲಜನಕ ಅರೆಬೆಂದ ಅನಿಲದೊಡನೆ ಸೇರಿ ಮತ್ತೊಮ್ಮೆ ಉರಿಯುವುದು ಅದಕ್ಕೆ ಕಾರಣ.

ಕಿವಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಜೋರಾದ ಸದ್ದಿಗೆ ಕಿವಿಯೊಳಗಿನ ಸಣ್ಣ ಸ್ನಾಯು ಬಿಗಿದುಕೊಂಡು ರಕ್ಷಣೆ ಕೊಡುತ್ತದೆ ನಿಜ, ಆದರೆ ಅದಕ್ಕೆ ಹತ್ತಾರು ಮಿಲಿಸೆಕೆಂಡುಗಳು ಬೇಕು. ಈಡಿನ ಸ್ಫೋಟ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿದಿರುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಬಲಗೈ ಶೂಟರುಗಳಲ್ಲಿ ಮೊದಲು ಹಾಳಾಗುವುದು ಎಡಗಿವಿ, ಏಕೆಂದರೆ ಕೆನ್ನೆಯನ್ನು ಹಿಡಿಗೆ ಒತ್ತಿದಾಗ ಅದು ನಳಿಗೆಯ ಕಡೆಗೆ ತೆರೆದಿರುತ್ತದೆ, ಬಲಗಿವಿ ತಲೆಯ ನೆರಳಿನಲ್ಲಿರುತ್ತದೆ. ನನ್ನ ಶ್ರವಣ ಪರೀಕ್ಷೆಯ ನಕ್ಷೆ ನೋಡಿದ ವೈದ್ಯರು ನನ್ನ ಕಸುಬನ್ನು ಕೇಳುವ ಮೊದಲೇ ಬಂದೂಕು ಹಿಡಿಯುತ್ತೀರಾ ಎಂದು ಕೇಳಿದ್ದರು. 3,000ದಿಂದ 6,000 ಹರ್ಟ್ಜ್ ನಡುವಿನ ಆ ಗುಳಿ ಅಷ್ಟು ಗುರುತು ಸಿಗುವಂಥದ್ದು.

ಇನ್ನು ಕಾನೂನು. ಒಂದೇ ಲೋಹದ ಕೊಳವೆಯನ್ನು ಕೆಲವು ದೇಶಗಳು ಕಿವಿಯ ಕವಚದಂತೆಯೂ ಕೆಲವು ದೇಶಗಳು ಮೆಷಿನ್ ಗನ್ನಿನಂತೆಯೂ ನೋಡುತ್ತವೆ. ನಾರ್ವೆ, ನ್ಯೂಜಿಲೆಂಡ್‌ಗಳ ಬೇಟೆಗಾರರಲ್ಲಿ ಸಪ್ರೆಸರ್ ತೀರಾ ಮಾಮೂಲಿ ವಸ್ತು. ನೆರೆಹೊರೆಯವರ ನೆಮ್ಮದಿಗಾಗಿ ಅದನ್ನು ಬಳಸುವುದೇ ಸೌಜನ್ಯ ಎನ್ನುವವರಿದ್ದಾರೆ. ಜರ್ಮನಿ 2020ರಲ್ಲಿ ಕಾಯ್ದೆ ತಿದ್ದಿ ಪರವಾನಗಿಯುಳ್ಳ ಬೇಟೆಗಾರರಿಗೆ ಇದನ್ನು ಸುಲಭಗೊಳಿಸಿತು. ಭಾರತದಲ್ಲಿ, 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ರೂಪಿಸಿದ ನಿಯಮಗಳು ಬಂದೂಕಿನ ಸದ್ದನ್ನಾಗಲಿ ಮಿಂಚನ್ನಾಗಲಿ ಕುಗ್ಗಿಸುವ ಸಾಧನಗಳನ್ನು ನಿಷೇಧಿತ ಶಸ್ತ್ರಗಳಿರುವ ಮೊದಲನೆಯ ವರ್ಗದಲ್ಲೇ ಇರಿಸಿವೆ. ಸಾಮಾನ್ಯ ಬಂದೂಕಿನ ಪರವಾನಗಿ ಇದಕ್ಕೆ ಸಾಲುವುದಿಲ್ಲ.

ಅಮೆರಿಕದ ಕಥೆ ಎಲ್ಲಕ್ಕಿಂತ ಸುತ್ತುಬಳಸಿನದು. 1934ರ ರಾಷ್ಟ್ರೀಯ ಬಂದೂಕು ಕಾಯ್ದೆ ಸೈಲೆನ್ಸರನ್ನು ನಿಷೇಧಿಸಲಿಲ್ಲ, ಆದರೆ ನೋಂದಣಿ ಮಾಡಿಸಿ 200 ಡಾಲರ್ ತೆರಿಗೆ ಕಟ್ಟಬೇಕೆಂದಿತು. ಆ ಕಾಲಕ್ಕೆ ಅದು ವಸ್ತುವಿನ ಬೆಲೆಯನ್ನೇ ಎಷ್ಟೋ ಪಟ್ಟು ಮೀರಿದ ಮೊತ್ತವಾದ್ದರಿಂದ ಪರಿಣಾಮದಲ್ಲಿ ನಿಷೇಧಕ್ಕೆ ಸಮನಾಗಿತ್ತು. ಮೊತ್ತವನ್ನು ಯಾರೂ ಏರಿಸದೆ ಬಿಟ್ಟದ್ದರಿಂದ ಹಣದುಬ್ಬರವೇ ಅದನ್ನು ದಶಕಗಳಲ್ಲಿ ಸವೆಸಿತು. 2025ರಲ್ಲಿ ಅಂಗೀಕಾರವಾದ ಕಾಯ್ದೆಯ ಪ್ರಕಾರ 2026ರ ಜನವರಿ 1ರಿಂದ ಸೈಲೆನ್ಸರಿನ ಮೇಲಿನ ಈ ತೆರಿಗೆ ಸೊನ್ನೆ. ತೆರಿಗೆ ಹೋಯಿತೆಂದರೆ ಕಾನೂನೇ ಹೋಯಿತು ಎಂದು ಹಲವರು ತಿಳಿದಿದ್ದಾರೆ, ಅದು ತಪ್ಪು: ಅರ್ಜಿ, ಬೆರಳಚ್ಚು, ಹಿನ್ನೆಲೆ ಪರಿಶೀಲನೆ, ನೋಂದಣಿ ಎಲ್ಲವೂ ಇವೆ. ಅದರ ಮೇಲೆ ರಾಜ್ಯಗಳ ಕಾನೂನು ಬೇರೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್ ಮುಂತಾದ ಕೆಲವು ರಾಜ್ಯಗಳಲ್ಲಿ ಸಾಮಾನ್ಯ ನಾಗರಿಕರು ಇದನ್ನು ಇಟ್ಟುಕೊಳ್ಳುವಂತೆಯೇ ಇಲ್ಲ.

ಸ್ವತಃ ಮಾಡಿಕೊಂಡರೆ ಏನಾಗುತ್ತದೆ ಎಂಬ ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ ಅಮೆರಿಕದ ಇದೇ ಕಾನೂನಿನ ವ್ಯಾಖ್ಯಾನದಲ್ಲಿದೆ. ಬಂದೂಕಿನ ಸದ್ದನ್ನು ಅಡಗಿಸುವ, ಮಂದಗೊಳಿಸುವ ಅಥವಾ ಕುಗ್ಗಿಸುವ ಯಾವುದೇ ಸಾಧನ ಅಲ್ಲಿ ಸೈಲೆನ್ಸರ್. ಅದನ್ನು ಜೋಡಿಸುವ ಉದ್ದೇಶದಿಂದ ಒಟ್ಟುಮಾಡಿದ ಬಿಡಿಭಾಗಗಳೂ ಸೈಲೆನ್ಸರೇ. ಅದು ಚೆನ್ನಾಗಿ ಕೆಲಸ ಮಾಡುತ್ತದೆಯೇ ಎಂದು ಕಾನೂನು ಕೇಳುವುದಿಲ್ಲ. ಹಾಗಾಗಿ ಬಂದೂಕು ತೊಳೆಯುವ ದ್ರಾವಣ ಹಿಡಿಯಲು ಎಂದು ಹೇಳಿ ಮಾರುವ ಕೊಳವೆಗಳನ್ನು ಕೊಂಡು, ಕೊರೆದು, ಜಾಣತನ ಮಾಡಿದೆವೆಂದುಕೊಂಡವರು ಹತ್ತು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗಬಹುದಾದ ಅಪರಾಧ ಮಾಡಿರುತ್ತಾರೆ. ಅನುಮತಿ ಮೊದಲು, ಉಪಕರಣ ಮುಟ್ಟುವುದು ಆಮೇಲೆ. ಈ ಕ್ರಮ ತಿರುಗುಮುರುಗಾದರೆ ಬಳಿಕ ಅರ್ಜಿ ಹಾಕಿ ಸರಿಪಡಿಸುವ ಅವಕಾಶವಿಲ್ಲ. ಕಾನೂನನ್ನು ಬದಿಗಿಟ್ಟರೂ, ನಳಿಗೆಯ ನೇರಕ್ಕೆ ಕೂದಲೆಳೆಯಷ್ಟು ಓರೆಯಾದ ಸಾಧನಕ್ಕೆ ಗುಂಡೇ ಬಡಿದು ಚೂರುಗಳು ಹಾರುವ ಅಪಾಯವಿದೆ. ತಯಾರಿಕೆಯ ವಿವರಗಳನ್ನು ನಾನು ಬರೆಯದಿರುವುದು ಈ ಎರಡೂ ಕಾರಣಗಳಿಗೆ.

ಯಾರ ಅನುಮತಿಯೂ ಬೇಡದ ದಾರಿಗಳು ನಿಮಗೆ ಎಲ್ಲ ಕಡೆಯೂ ತೆರೆದಿವೆ. ಕಿವಿಬಿರಡೆಯ ಮೇಲೆ ಕವಚವನ್ನೂ ಹಾಕಿಕೊಂಡರೆ ಎರಡರ ಅಂಕಿಗಳು ಕೂಡಿಕೊಳ್ಳುವುದಿಲ್ಲ, ಹೆಚ್ಚಿನದಕ್ಕೆ ಸುಮಾರು 5 ಡೆಸಿಬೆಲ್ ಸೇರುತ್ತದೆ ಅಷ್ಟೇ. ಆದರೂ ದೊಡ್ಡ ರೈಫಲ್ಲಿಗೆ ಎರಡೂ ಬೇಕು. ಹಿನ್ನೊದೆತ ತಗ್ಗಿಸಲೆಂದು ನಳಿಗೆಯ ತುದಿಗೆ ಹಾಕುವ ಬ್ರೇಕ್ ಅನಿಲವನ್ನು ಬದಿಗೂ ಹಿಂದಕ್ಕೂ ತಿರುಗಿಸುವುದರಿಂದ ಹೊಡೆಯುವವನಿಗೂ ಪಕ್ಕದವನಿಗೂ ಸದ್ದನ್ನು ಹೆಚ್ಚಿಸುತ್ತದೆ, ಅದು ಬೇಡವೆನಿಸಿದರೆ ತೆಗೆದುಬಿಡಿ. ಗಿಡ್ಡ ನಳಿಗೆಗಿಂತ ಉದ್ದ ನಳಿಗೆಯ ಬಾಯಲ್ಲಿ ಒತ್ತಡ ಕಡಿಮೆ. ನಿಮ್ಮ ಚಿಂತೆ ಕಿವಿಯದ್ದಲ್ಲ, ರೇಂಜಿನ ಸುತ್ತಲಿನ ಮನೆಗಳ ದೂರು ಎಂದಾದರೆ ಎತ್ತರದ ಮಣ್ಣಿನ ದಿಬ್ಬ ಮತ್ತು ಹೊಡೆಯುವ ಜಾಗದ ಮೇಲೆ ಸದ್ದು ಹೀರುವ ಒಳಪದರದ ಚಾವಣಿ ಬಹಳ ಕೆಲಸ ಮಾಡುತ್ತವೆ. ಅದರೊಂದಿಗೆ ಹೊತ್ತನ್ನೂ ನೋಡಿ: ನೆಲದ ಬಳಿ ತಂಪು ಗಾಳಿ ಕೂತು ಮೇಲೆ ಬೆಚ್ಚಗಿರುವ ಮುಂಜಾವಿನಲ್ಲಿ ಸದ್ದು ಮೇಲಕ್ಕೆ ಹೋಗದೆ ಬಾಗಿ ದೂರದ ಮನೆಗಳ ಮೇಲೇ ಇಳಿಯುತ್ತದೆ, ಬಿಸಿಲೇರಿ ನೆಲ ಕಾದ ಮೇಲೆ ಅದೇ ಬಂದೂಕು, ಅದೇ ತೋಟಾ, ಅಲ್ಲಿಗೆ ಎಷ್ಟೋ ಮೆತ್ತಗೆ ಕೇಳುತ್ತದೆ.